ಪೆಟ್ಲುಪ್ಪು

ಡಬ್ಬಿ ತೆರೆದರೆ ಮೊದಲು ವಾಸನೆ:
ಹಳೆ ಕಾಲುಚೀಲ, ಒಂದಿಷ್ಟು ಕರ್ಪೂರ.
ಆಮೇಲೆ ಎವಾರಿಸ್ತೋ ಬಾರಾಓನಾ.

ಇಕೀಕೆಯ ಈ ನೆಲಮಾಳಿಗೆಯಲ್ಲಿ ಹನ್ನೊಂದು ವರ್ಷದಿಂದ
ಕೈಗವಸು ತೊಟ್ಟು ಅವನನ್ನು ಬಿಡಿಸುತ್ತಿದ್ದೇನೆ,
ಅಂಟಿದ ಸುರುಳಿ, ದಿನಕ್ಕೊಂದು ಗೇಣು.
ಮರುಭೂಮಿಯ ಪೆಟ್ಲುಪ್ಪು ಹಡಗು ಹತ್ತಿ ಹೋಗಿ
ಯುದ್ಧಕ್ಕೆ ಮದ್ದಾಯಿತು, ಅವನಿಗೆ ಫಿಲ್ಮಾಯಿತು.
ಎರಡಕ್ಕೂ ಕಿಡಿ ತಾಗಬಾರದು.
ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ;
ನಮ್ಮ ಪಾಂಪಾದಲ್ಲಿ ನೀರೂ ಕಂಪನಿ ಅಂಗಡಿಯದೇ.

ಹತ್ತೊಂಬತ್ತು ಚಿತ್ರ ಮಾಡಿದನಂತೆ.
ಹದಿನೆಂಟು ಕರಗಿ ಬಾಚಣಿಗೆಯಾದವು.
ಉಳಿದದ್ದು ಏಳು ನಿಮಿಷ:
ಗೋಲಿಬಾರಾಗಿ ಆರೇ ತಿಂಗಳಿಗೆ
ಸಾಂತಾ ಓಲಾಯಾ ಗಣಿಯ ಅದೇ ಅಂಗಳದಲ್ಲಿ
ಅದೇ ವಿಧವೆಯರನ್ನು ಸಾಲಾಗಿ ನಿಲ್ಲಿಸಿ
ತಲೆಗೆ ಎರಡು ಪೆಸೊ ಕೊಟ್ಟು
ಅಳಿಸಿದ ಏಳು ನಿಮಿಷ.
ಅಳಿಸಿಹೋಗದ ಏಳು ನಿಮಿಷ.

ಬಂದರಿನ ಬೀದಿಗೆ ಅವನ ಹೆಸರಿಡಬೇಕಂತೆ ಪುರಸಭೆ.
ಕೂಲಿಗಳ ಸಂಘ ರಾತ್ರೋರಾತ್ರಿ ಫಲಕಕ್ಕೆ ಡಾಂಬರು ಬಳಿಯಿತು.
ಅವನಿಲ್ಲದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು, ಅನ್ನುತ್ತಾರೆ ಪ್ರೊಫೆಸರ್ ಇರಾರಾಸಾವಲ್.
ಕಂಪನಿ ದುಡ್ಡಿನ ಚಿತ್ರ, ಸಿಪಾಯಿಯ ಮುಖ ಒಂದಾದರೂ ಇದೆಯಾ ನೋಡಿ,
ಅನ್ನುತ್ತಾನೆ ಸಂಘದ ಕಾರ್ಯದರ್ಶಿ.
ಇಬ್ಬರೂ ನನ್ನಲ್ಲಿಗೆ ಬಂದು ಚಹಾ ಕುಡಿದು ಹೋಗುತ್ತಾರೆ.
ಇಬ್ಬರೂ ಸರಿ. ಅದೇ ತೊಂದರೆ.

ಅದಿರಿನ ಗಾಡಿಯ ಮೇಲೆ ಕ್ಯಾಮೆರಾ ಕೂರಿಸಿ
ಹಿಂದಿನಿಂದ ಇಬ್ಬರು ಹುಡುಗರ ಕೈಲಿ ತಳ್ಳಿಸಿದ್ದ.
ಆ ಹೆಂಗಸರ ಸಾಲಿನುದ್ದಕ್ಕೂ ಅದು ತೇಲಿ ಬರುವಾಗ
ಇಂದಿಗೂ ನನ್ನ ಉಸಿರು ನಿಲ್ಲುತ್ತದೆ.
ಅದನ್ನೂ ಹೇಳಬೇಕು.

ಎಡದಿಂದ ಐದನೆಯವಳು ತೊಮಾಸಾ ಚೋಕೆ,
ನನ್ನ ಅಜ್ಜಿಯ ತಾಯಿ.
ಎದೆಗೊತ್ತಿಕೊಂಡ ಟೋಪಿ ಗಂಡನದಲ್ಲ;
ಒಳಗೆ ಬೆಲೆಚೀಟಿ ಕಾಣುತ್ತದೆ.
ಬಾಯಿ ತೆರೆಯುತ್ತಾಳೆ. ಪರದೆ ಕಪ್ಪಾಗುತ್ತದೆ:
“ದೇವರೇ, ನನ್ನನ್ನೂ ಕರೆದುಕೋ!”
ಓದು ಬರದವಳ ಬಾಯಿಗೆ
ಹೂಬಳ್ಳಿಯ ಅಂಚಿನ ಅಕ್ಷರ.

ಹೋದ ಮಂಗಳವಾರ ಕಿವುಡರ ಶಾಲೆಯ ಮೇಷ್ಟ್ರು ಬಂದಿದ್ದರು,
ದೋನ್ ಫಿದೇಲ್, ಹುಟ್ಟಾ ಕಿವುಡರು, ತುಟಿ ಓದಬಲ್ಲವರು.
ಹದಿನಾಲ್ಕು ಸಲ ತಿರುಗಿಸಿದೆ.
ಮೇಜಿನ ಧೂಳಲ್ಲಿ ಬೆರಳಿಂದ ಬರೆದರು:
“ಇನ್ನೊಂದ್ಸಲವಾ?”
ಆಮೇಲಿನದು ಸ್ಪ್ಯಾನಿಷ್ ಅಲ್ಲ, ಎಂದು ತಲೆಯಾಡಿಸಿದರು.

ಐಮಾರಾ ಅದು, ಮೇಲು ಬೆಟ್ಟದ ಮಾತು.
ಅಮ್ಮನಿಗೆ ಅರ್ಧ ಬರುತ್ತಿತ್ತು, ನನಗೆ ಬೈಗುಳ ಮಾತ್ರ.
ಬೈಗುಳವಲ್ಲ, ಅಷ್ಟು ಗೊತ್ತು.
ತುಟಿ ಒಮ್ಮೆ ಕೂಡಿ ಬಿಡುತ್ತದೆ.
ಉಮಾ ಎಂದರೆ ನೀರು.
ಹುಮಾ ಎಂದರೆ ನೀನು.
ತುಟಿಗೆ ಎರಡೂ ಒಂದೇ.
ಕಣ್ಣು ಮಾತ್ರ ನೇರ ಮಸೂರದೊಳಗೆ.

ಮರುಕ್ಷಣ ಬಲದ ಅಂಚಿನಿಂದ ಒಂದು ತೋಳು,
ಗಂಜಿ ಹಾಕಿದ ಬಿಳಿ ತೋಳುಪಟ್ಟಿ.
ಲೋಟ ಹಿಡಿದ ಕೈಯೋ,
ಸಾಕು ಸರಿ ಎನ್ನುವ ಕೈಯೋ,
ಅಲ್ಲಿಂದ ಮುಂದೆ ಫಿಲ್ಮು
ಜೋನಿಬೆಲ್ಲದ ಹಾಗೆ ಕರಗಿದೆ.

ನಾಳೆ ಪುರಸಭೆಯಲ್ಲಿ ಮತ.
ನನ್ನನ್ನು ಸಾಕ್ಷಿಗೆ ಕರೆದಿದ್ದಾರೆ.
ನೀರು ಎನ್ನಲೋ,
ನೀನು ಎನ್ನಲೋ.