ವಿಷಯ ಸಂಖ್ಯೆ ಹನ್ನೊಂದು

ಹತ್ತನೆಯದು ಮೀನು ಮಾರ್ಕೆಟ್ಟಿನ ಚರಂಡಿ,
ಅದಕ್ಕೇ ಒಂದೂವರೆ ತಾಸು ಹೋಯಿತು.
ಹನ್ನೊಂದಕ್ಕೆ ಬರುವಾಗ ಮಂಡಕ್ಕಿ ತಟ್ಟೆ ಖಾಲಿ.
ಹೊಸನಗರ ಪಟ್ಟಣ ಪಂಚಾಯಿತಿಯ
ನಡವಳಿ ಪುಸ್ತಕದಲ್ಲಿ ನಾನು ಹೊಸ ಪುಟ ತಿರುವಿದೆ:
ಖಂಡನಾ ನಿರ್ಣಯ. ಮಂಡನೆ, ಕೆರಿಯಪ್ಪ, ಆರನೇ ವಾರ್ಡು.

ದೂರದ ಒಂದು ದೇಶ.
ಹೆಸರನ್ನು ಅಧ್ಯಕ್ಷೆ ಮೂರು ಥರ ಓದಿದರು,
ನಾನು ನಾಲ್ಕನೆಯ ಥರ ಬರೆದೆ.
ಅಲ್ಲಿ ಚುನಾವಣೆ ಮುಂದೆ ಹೋಗಿದೆ, ಮತ್ತೂ ಮುಂದೆ ಹೋಗಿದೆ.
ಪತ್ರಿಕೆಯೊಂದು ಬರೀ ಬಿಳಿ ಹಾಳೆಯಾಗಿ ಹೊರಬಂದು
ಅದೂ ನಿಂತಿದೆ.
ತೀರ್ಪು ಬರೆದ ನ್ಯಾಯಾಧೀಶೆ
ಇನ್ನೂ ಮನೆಗೆ ಬಂದಿಲ್ಲ.

ಶೇಷಗಿರಿ ಪೈ ನಕ್ಕರು.
'ನಮ್ಮ ನಿರ್ಣಯ ಡೀಸಿ ಆಫೀಸಿನ ಕಪಾಟು ದಾಟಿದ್ದುಂಟಾ?
ನೀವು ಸಮುದ್ರ ದಾಟಿಸ್ತೀರಾ ಮಾರಾಯ್ರೇ?'

ಕೆರಿಯಪ್ಪ ಏಳಲಿಲ್ಲ. ಮಂಡಿನೋವು.
'ಎಪ್ಪತ್ತೈದರಲ್ಲಿ ನಾನು ಪ್ರೆಸ್ಸಿನಲ್ಲಿ ಮೊಳೆ ಜೋಡಿಸೋ ಹುಡುಗ.
ಒಂದು ಕರಪತ್ರ, ಅಂಗೈಯಗಲ.
ಪೊಲೀಸರು ಅಕ್ಷರದ ಪೆಟ್ಟಿಗೆ ಎತ್ತಿ ಬಾವಿಗೆ ಸುರಿದರು.
ತಲೆಬರಹದ ಮೊಳೆ ದುಡುಂ ಅಂದವು,
ಒತ್ತಕ್ಷರಕ್ಕೆ ಸದ್ದೇ ಇಲ್ಲ.

ಶಿವಮೊಗ್ಗದ ಜೈಲು. ಐದನೇ ತಿಂಗಳು.
ಶೇಂಗಾ ಕಟ್ಟಿಕೊಂಡು ಬಂದ ಕಾಗದದ ಚೂರಿನಲ್ಲಿ
ಯಾವುದೋ ದೇಶದ ಯಾವುದೋ ಊರಿನ ಸಭೆ
ನಮ್ಮ ಸರ್ಕಾರವನ್ನು ಖಂಡಿಸಿತ್ತು.
ಊರಿನ ಹೆಸರಿನ ಮೇಲೆ ಎಣ್ಣೆಕಲೆ.
ಇವತ್ತಿಗೂ ಯಾವ ಊರೋ ಗೊತ್ತಿಲ್ಲ.

ಬಾಗಿಲು ತೆರೀಲಿಲ್ಲ, ಪೈಗಳೇ.
ಗಂಜಿ ದಪ್ಪ ಆಗಲಿಲ್ಲ.
ಅವತ್ತು ರಾತ್ರಿ ನಿದ್ದೆ ಬಂತು. ಅಷ್ಟೇ.
ಕೈಗಡ ಅದು. ತೀರಿಸದೆ ಹೋಗಬಾರದು.'

ಹನ್ನೊಂದರಲ್ಲಿ ಏಳು ಕೈ ಎದ್ದವು.
ಪೈ ಕೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು,
ತಲೆ ಕೆರೆದುಕೊಂಡರೋ ಮತ ಹಾಕಿದರೋ,
ಎಂಟು ಎಂದು ಬರೆದೆ.

ಆಗ ಒಂಬತ್ತನೇ ವಾರ್ಡಿನ ಜುಬೇದಾ,
ಎರಡು ವರ್ಷದಿಂದ ಬಾಯಿ ಬಿಡದವಳು:
'ಬಸ್‌ಸ್ಟ್ಯಾಂಡಿನ ಗೋಡೆಗೆ ಪದ್ಯ ಅಂಟಿಸಿದ ಹುಡುಗ,
ಟೈಲರ್ ದ್ಯಾವಪ್ಪನ ಮಗ,
ಹದಿನಾಲ್ಕು ದಿನ ಆಯ್ತು ಒಳಗೆ.
ಅದು ಪಟ್ಟಿಯಲ್ಲಿ ಎಷ್ಟನೇ ವಿಷಯ?'

ಫ್ಯಾನಿನ ಸದ್ದು ಕೇಳಿಸಿತು.
'ಕಡತದಿಂದ ತೆಗೆಯಿರಿ' ಎಂದರು ಅಧ್ಯಕ್ಷೆ,
ನನ್ನ ಕಡೆ ನೋಡದೆ.
ಕೆರಿಯಪ್ಪ ಕನ್ನಡಕ ತೆಗೆದು ಒರೆಸಿದರು,
ಒರೆಸುತ್ತಲೇ ಇದ್ದರು.

ನಾನು ಎರಡನೇ ದರ್ಜೆ ಸಹಾಯಕಿ. ಹೇಳಿದ್ದು ಮಾಡುವವಳು.
ಸ್ಕೇಲು ಇಟ್ಟೆ. ಆ ನಾಲ್ಕು ಸಾಲಿನ ಮೇಲೆ
ಗೆರೆ ಎಳೆದೆ,
ತೆಳ್ಳಗೆ, ಪೆನ್ಸಿಲ್ಲಿನಲ್ಲಿ.

ಮಾರನೆಯ ದಿನ ನಡವಳಿಯ ದೃಢೀಕೃತ ನಕಲು,
ರಾಯಭಾರ ಕಚೇರಿಯ ವಿಳಾಸ, ದುಂಡು ಮೊಹರು.
ಝೆರಾಕ್ಸಿನಲ್ಲಿ ಪೆನ್ಸಿಲ್ಲಿನ ಗೆರೆ
ಮೂಡಿರಲಿಲ್ಲ.
ನೋಡಿದೆ. ಲಕೋಟೆಗೆ ಗೋಂದು ಹಚ್ಚಿದೆ.

ಅಂಚೆ ಕಚೇರಿಯಲ್ಲಿ ತೂಗಿದರು: ಹನ್ನೆರಡು ಗ್ರಾಂ.
'ಮುಟ್ಟಿದ್ದಕ್ಕೆ ಸಹಿ ಬೇಕಾ ಮೇಡಂ?
ಅದಕ್ಕೆ ಬೇರೆ ದುಡ್ಡು.'

ಬೇಕು, ಅಂದೆ.