ಮನೆ ನಡೆದ ದಿನ

ಮಣ್ಣು ನಿನ್ನದು, ಕಾಗದ ನಿನ್ನದು, ಇಟ್ಟುಕೋ ರೊಸಾವ್ರೊ,
ಮನೆ ನನ್ನದು
ಅಂದಳು ಓರ್ಫೆಲಿನಾ ಸತ್ತ ಗಂಡನ ತಮ್ಮನಿಗೆ,
ಬೇಲಿಯ ಈಚೆ ನನಗೂ ಕೇಳುವ ಹಾಗೆ.
ಮರುದಿನ ಬೆಳಗ್ಗೆ ರಬ್ಬರ್ ಬೂಟು ತೊಟ್ಟು
ಊರ ಬಾಗಿಲೆಲ್ಲ ತಟ್ಟಿದಳು:
ಎತ್ತಿದ್ದವರು ಎತ್ತು, ಹಗ್ಗವಿದ್ದವರು ಹಗ್ಗ,
ಏನೂ ಇಲ್ಲದವರು ಹೆಗಲು.

ನಮ್ಮ ಚಿಲೊಯೆ ದ್ವೀಪಗಳಲ್ಲಿ ಇದು ಮಿಂಗಾ.
ಮುಯ್ಯಿಯ ಕೆಲಸ. ಕಾಸು ಚಾಚಿದರೆ ಮುಖಕ್ಕೆ ಹೊಡೆದ ಹಾಗೆ.
ನನ್ನ ಅಣ್ಣನ ದೋಣಿ ಮಗುಚಿದ ವರ್ಷ
ಅವಳ ಗಂಡ ಮೂರು ದಿನ ನೀರು ಜಾಲಾಡಿದ್ದ.
ಅವಳ ಜೊತೆ ಮಾತು ಬಿಟ್ಟಿದ್ದರೂ
ಹೋಗದೆ ಇರಲು ಬರುವುದಿಲ್ಲ. ಹೋದೆ.

ಕಿಟಕಿಯ ಗಾಜು ಬಿಚ್ಚಿದೆವು.
ಒಳಗೆ ಅಡ್ಡಡ್ಡ ತೊಲೆ ಬಡಿದೆವು,
ಮುರಿದ ಕಾಲಿಗೆ ದಬ್ಬೆ ಕಟ್ಟಿದಂತೆ.
ಅಡಿಗೆ ಎರಡು ಉದ್ದ ದಿಮ್ಮಿ ತೂರಿಸಿದೆವು.
ಗೋಡೆಗೆ ಮೀನಿನ ಹುರುಪೆಯಂತೆ ಹೊದಿಸಿದ
ಅಲೆರ್ಸೆ ಮರದ ಬಿಲ್ಲೆಗಳನ್ನು ಸವರಿ
ನೀರಿಗೇ ಹುಟ್ಟಿದ್ದು ಬಿಡಿ, ಅಂದ ಸಿಕ್ಸ್ತೋ ಗಿನೆಯೋ,
ಎಂಟು ಜೋಡಿ ಎತ್ತುಗಳ ಕೊಂಬಿಗೆ ನೊಗ ಬಿಗಿಯುತ್ತ.

ಮೊದಲ ಎಳೆತಕ್ಕೆ ಮನೆ ನರಳಿತು, ಅಷ್ಟೆ.
ಎರಡನೆಯದಕ್ಕೆ ಮಿಣಿ ಹರಿದು
ಬಾಲ್ದೊಮೇರೊನ ಟೋಪಿ ಹಾರಿಸಿತು.
ಮೂರನೆಯದಕ್ಕೆ
ಕೂಗುವುದನ್ನೇ ಮರೆತೆವು ಎಲ್ಲರೂ.
ಮನೆ ಒಂದು ಹೆಜ್ಜೆ ಇಟ್ಟಿತ್ತು.

ದಿಣ್ಣೆ ಇಳಿದು, ಸೇಬಿನ ತೋಟ ಬಳಸಿ,
ಇಳಿತದ ದಂಡೆಯ ಕೆಸರಲ್ಲಿ ನಿಂತಿತು.
ಸುತ್ತ ಖಾಲಿ ಪೀಪಾಯಿ ಕಟ್ಟಿ ಕಾದೆವು.
ಇಲ್ಲಿ ಗಡಿಯಾರ ಸಮುದ್ರದ ಕೈಯಲ್ಲಿದೆ.
ಮುಸ್ಸಂಜೆಗೆ ಉಬ್ಬರ ಬಂತು, ಹೊಸಿಲು ನೆಕ್ಕಿತು,
ಒಳಗೆ ಹೋಗಿ ಕೋಣೆ ಕೋಣೆ ನೋಡಿತು,
ಆಮೇಲೆ ಮೆಲ್ಲಗೆ, ಮಲಗಿದ ಮಗುವನ್ನೆತ್ತುವಂತೆ
ಇಡೀ ಮನೆಯನ್ನು ಎತ್ತಿಕೊಂಡಿತು.

ಎರಡು ಲಾಂಚುಗಳ ಹಿಂದೆ ತೇಲಿತು ಮನೆ.
ದೆವ್ವದ ಹಡಗು, ಕಲೆಊಚೆ! ಎಂದು
ನನ್ನ ಮೊಮ್ಮಗ ಲಂಗಕ್ಕೆ ಜೋತುಬಿದ್ದ.
ಅಲ್ಲವೋ ಮಂಕೆ, ಅಟ್ಟದ ಕಿಟಕಿ ನೋಡು:
ಇಳಿಯೆನೆಂದು ಹಟ ಹಿಡಿದ ಓರ್ಫೆಲಿನಾ,
ಕೈಯಲ್ಲಿ ಲಾಟೀನು, ಮಡಿಲಲ್ಲಿ ಕೋಳಿ.
ನಡುನೀರಲ್ಲಿ ಹರಿವಿನ ಸುಳಿಗೆ ಸಿಕ್ಕಿ
ಮನೆ ಒಮ್ಮೆ ಪೂರ್ತಿ ತಿರುಗಿತು,
ಬಾಗಿಲು ನಮ್ಮ ಕಡೆ ಮಾಡಿ.
ಅವಳು ಕೈ ಬೀಸಲಿಲ್ಲ.
ನಾನೂ.

ಊರಿಗೆ ಊರೇ ದೋಣಿ ಹತ್ತಿತು.
ಆಚೆ ದ್ವೀಪದಲ್ಲಿ ಕುಳಿ ತೋಡಿ, ಕಲ್ಲು ಕಾಯಿಸಿ,
ಚಿಪ್ಪುಮೀನು, ಹಂದಿ, ನೇರಳೆ ಆಲೂಗಡ್ಡೆ ಸುರಿದು
ಛತ್ರಿಯಗಲದ ನಾಲ್ಕಾ ಎಲೆ ಮುಚ್ಚಿ
ಬೆಳತನಕ ಉಂಡರಂತೆ, ಅಕಾರ್ಡಿಯನ್ ಕೂಡ ಇತ್ತಂತೆ.
ನನಗೆ ಮಂಡಿ ನೋವು.
ಹಾಗೆಂದು ಹೇಳಿದೆ.

ಬೆಳಗ್ಗೆ ಬೇಲಿ ದಾಟಿದೆ.
ಮೂವತ್ತೊಂದು ವರ್ಷ ಬಿಸಿಲು ಕಾಣದ ಮಣ್ಣು
ಕಟ್ಟು ಬಿಚ್ಚಿದ ಚರ್ಮದ ಹಾಗೆ ಬಿಳಿಚಿ
ಅಷ್ಟೇ ಅಷ್ಟು ಉದ್ದ, ಅಷ್ಟೇ ಅಷ್ಟು ಅಗಲ.
ಇಷ್ಟು ಚಿಕ್ಕದಿತ್ತೆ ಮನೆ!
ಐದು ಮಕ್ಕಳು, ಎರಡು ಸಾವು, ಆ ಬಾಯಿ, ಆ ನಗು
ಇಷ್ಟರಲ್ಲೇ ಹಿಡಿಸಿದ್ದವೆ?

ಹಲಗೆಯ ಸಂದಿಯಿಂದ ಜಾರಿದ್ದೆಲ್ಲ ಅಲ್ಲಿತ್ತು:
ಕೋಟಿನ ಗುಂಡಿ, ಯಾರದೋ ಹಾಲುಹಲ್ಲು,
ಡೊಂಕು ಚಮಚ,
ತುಕ್ಕು ಕುಡಿದು ಬಾಯಿ ಕಚ್ಚಿಕೊಂಡ
ನನ್ನ ಕತ್ತರಿ.

ಕುರಿಯ ಉಣ್ಣೆ ಕತ್ತರಿಸಲು ಒಯ್ದವಳು
ಕೊಟ್ಟೆ ಅಂದಿದ್ದಳು. ಕೊಟ್ಟಿಲ್ಲ ಅಂದಿದ್ದೆ.
ಚರ್ಚಿನಲ್ಲಿ ಬೇರೆ ಬೆಂಚು, ಬಾವಿಗೆ ಬೇರೆ ಹೊತ್ತು,
ಒಂಬತ್ತು ಚಳಿಗಾಲ ಹಾಗೇ ಹೋದವು.

ನೋಡಿದೆಯೇನೇ, ಇಲ್ಲೇ ಇದೆ,
ನಾನು ಹೇಳಲಿಲ್ಲವೇನೇ
ಎಂದು ಕತ್ತರಿ ಎತ್ತಿ ಹಿಡಿದು
ಅವಳ ಅಡುಗೆಮನೆಯ ಕಡೆ ತಿರುಗಿದೆ.

ಸಮುದ್ರವಿತ್ತು.