ಭಾನುವಾರದ ಬ್ಲಾಕು

ನಮ್ಮ ಮನೆಗೆ ಈ ಶಬ್ದ ಮೊದಲು ಬಂದದ್ದು
ನೈಟ್ರಿಕ್ ಆಸಿಡ್ಡಿನ ವಾಸನೆಯ ಜೊತೆ,
ಅಪ್ಪನ ಅಂಗಿಯ ತೋಳಿನ ಸಣ್ಣ ಸಣ್ಣ ತೂತಾಗಿ.
ಗಿರಗಾಂವಿನ ಗಲ್ಲಿಯಲ್ಲಿ, ಸತುವಿನ ತಗಡಿನ ಮೇಲೆ
ಮಂದಿಯ ಮೋರೆ ಎಬ್ಬಿಸುವ ಕೆಲಸ ಅವನದು:
ಮದುವೆಯಾದವರು, ಚುನಾವಣೆಗೆ ನಿಂತವರು,
ಕಾಣೆಯಾದವರು, ತೀರಿಕೊಂಡವರು.
'ಬೀರಣ್ಣ, ಬ್ಲಾಕ್ ಆಯ್ತಾ?' ಎಂದು ಪ್ರೆಸ್ಸಿನ ಹುಡುಗ ಕೂಗಿದರೆ
ಯಾರದೋ ಮೋರೆಯನ್ನು ಹಳೇ ಪೇಪರಿನಲ್ಲಿ ಸುತ್ತಿ
ಮೀನಿನ ಹಾಗೆ ಕೈಗಿಡುತ್ತಿದ್ದ.

ಆಮೇಲೆ ಅದೇ ಶಬ್ದಕ್ಕೆ ಬಾಗಿಲು ಬಂತು.
ಚಾಳಿನ ಖೋಲಿ ಬಿಟ್ಟು ಡೊಂಬಿವಲಿಯಲ್ಲಿ
'ಬ್ಲಾಕ್ ತಗೊಂಡ್ವಿ' ಅಂದರೆ
ಒಳಗೇ ನಲ್ಲಿ, ಒಳಗೇ ಪಾಯಖಾನೆ,
ಮುಚ್ಚಿದರೆ ಮುಚ್ಚಿಕೊಳ್ಳುವ ಕದ.
ಅವ್ವಿ ಮೊದಲ ವಾರ ಅದನ್ನು ಮುಚ್ಚಲೇ ಇಲ್ಲ.
ಸಾರು ಸಾಲಕ್ಕೆ ಕೇಳಿಕೊಂಡು ಯಾರೂ ಬರಲಿಲ್ಲ.
ಎರಡನೇ ವಾರ ಮುಚ್ಚಿ, ಒಳಗೆ ಕೂತು ಅತ್ತಳು.

ಶಾಲೆಯ ಡಿಕ್ಷನರಿ ಬೇರೆಯೇ ಹೇಳಿತು. ಮೊದಲ ಅರ್ಥ: ಕೊರಡು.
ನಾನು ತಪ್ಪು ಹಿಡಿದವಳ ಗತ್ತಿನಲ್ಲಿ ಕೇಳಿದೆ.
ಅಪ್ಪ ತಗಡನ್ನು ಮಗುಚಿ
ಅಡಿಗೆ ಮೊಳೆ ಹೊಡೆದ ಮರದ ತುಂಡು ತೋರಿಸಿದ.
'ಇದು ಬ್ಲಾಕು. ಮೇಲಿಂದು ಬರೀ ಮೋರೆ.'

ಭಾನುವಾರದ ಮೆಗಾಬ್ಲಾಕು ಅವನಿಗೆ ಪ್ರೀತಿ.
ನೆಂಟರು ಬಾರದ ಹಾಗೆ
ರೈಲ್ವೆಯವರೇ ಹಾಕಿದ ಬೇಲಿ ಎನ್ನುತ್ತಿದ್ದ.
ಅವನ ಎದೆ ಹಿಡಿದದ್ದೂ ಭಾನುವಾರವೇ.
ಠಾಣೆಗೆ ಹೋಗುವ ಗಾಡಿಯಿಲ್ಲ.
ರಿಕ್ಷಾದವನು ಕಲ್ಯಾಣ್-ಶೀಳ್ ರಸ್ತೆಯ ಒಂದೊಂದು ಹೊಂಡಕ್ಕೂ
ತಾನೇ 'ಅಯ್ಯೋ' ಅಂದ.

ಕಾಗದದ ಮೇಲಿನ ಏರಿಳಿತ ನೋಡಿ ಡಾಕ್ಟರ ಹೇಳಿದ,
'ಎಡಗಡೆ ಬ್ಲಾಕ್ ಇದೆ ಕಾಕಾ.'
ಅಪ್ಪ ಮಲಗಿದಲ್ಲಿಂದಲೇ ಕೇಳಿದ,
'ಅಪ್ ಲೈನಾ, ಡೌನಾ? ಎಷ್ಟು ಗಂಟೆಗೆ ತೆಗೀತೀರಿ?'
ಡಾಕ್ಟರನೂ ಡೊಂಬಿವಲಿಯವನೇ ಇರಬೇಕು,
ಪೆನ್ನು ಕೆಳಗಿಟ್ಟು ನಕ್ಕ.
ನನಗೆ ನಗು ಬರಲಿಲ್ಲ.
ಆ ಕಾಗದದಲ್ಲಿ ಸ್ಟೇಷನ್ನುಗಳ ಹೆಸರೇ ಇರಲಿಲ್ಲ.

ತಮ್ಮನಿಗೆ ತಿಳಿಸೋಣವೆಂದರೆ ಒಂದೇ ಟಿಕ್ಕು.
ರಮಾಕಾಂತನ ಫೋಟೋ ಇದ್ದ ಜಾಗದಲ್ಲಿ
ಕಣ್ಣು ಮೂಗಿಲ್ಲದ ಬೂದು ಗೊಂಬೆ.
ಬಿಲ್ಡಿಂಗು ಒಡೆದು ಕಟ್ಟುವ ಕಾಗದಕ್ಕೆ
ಅಪ್ಪನ ಸಹಿ ಹಾಕಿಸಲಿಲ್ಲ ನಾನು.
ಬ್ಲಾಕಿಗಾಗಿ ಬ್ಲಾಕ್ ಮಾಡಿದ.
ಇದಕ್ಕೆ ನಮ್ಮಲ್ಲಿ 'ಮಾತು ಬಿಟ್ಟರು' ಎನ್ನುತ್ತಿದ್ದರು.
ಆದರೆ ಮಾತು ಬಿಟ್ಟವರ ಮೋರೆಯಾದರೂ ಕಾಣುತ್ತಿತ್ತು,
ದಿನಾ ಬೆಳಿಗ್ಗೆ, ಚಾಳಿನ ನಲ್ಲಿಯ ಹತ್ತಿರ,
ಕೊಡ ತುಂಬುವ ತನಕ.

ಒಂಬತ್ತನೇ ದಿನ ಅಪ್ಪ ಮನೆಗೆ ಬಂದ.
ಹೊಲಿಗೆ ಮಷೀನಿನ ಡ್ರಾವರಿನಿಂದ
ಅವ್ವಿಯನ್ನು ಹೊರಗೆ ತೆಗೆದ:
ಪೇಪರಿಗೆ ಕೊಡಲು ತಾನೇ ಮಾಡಿದ್ದ ಕೊನೆಯ ಬ್ಲಾಕು.
ನಾನು ಅದನ್ನು ಹತ್ತಿರದಿಂದ ನೋಡಿದ್ದೇ ಇಲ್ಲ.
ಬಲಗೆನ್ನೆಯ ಮಚ್ಚೆ ಎಡಕ್ಕೆ ಹೋಗಿತ್ತು.
'ತಪ್ಪಾಗಿದೆಯಲ್ಲಪ್ಪ' ಅಂದೆ.
'ಉಲ್ಟಾನೇ ಸರಿ. ಒತ್ತಬೇಕು.'

ಸೊಸೈಟಿಯ ಸ್ಟ್ಯಾಂಪ್ ಪ್ಯಾಡು ತರಿಸಿ,
ಔಷಧದ ಚೀಟಿಯ ಬೆನ್ನಿಗೆ, ನಡುಗುವ ಎರಡೂ ಕೈಯಿಂದ
ಭಾರ ಹಾಕಿ ಒತ್ತಿದ.
ಡಾಕ್ಟರ ಬೇಡವೆಂದದ್ದು ಇಂಥ ಭಾರವನ್ನೇ.
ನೇರಳೆ ಬಣ್ಣದಲ್ಲಿ ಅವ್ವಿ ಮೂಡಿದಳು,
ಹಣೆಯ ಮೇಲೆ ಸ್ವಲ್ಪ ಶಾಯಿ ಕಮ್ಮಿ,
ಮಚ್ಚೆ ಬಲಕ್ಕೆ.

'ಫೋಟೋ ಹೊಡೆದು ರಮಾಕಾಂತನಿಗೆ ಕಳಿಸು.'
'ಹೋಗೋದಿಲ್ಲಪ್ಪ. ಬ್ಲಾಕ್ ಇದೆ.'
ಅಪ್ಪ ಕಿಟಕಿಯ ಕಡೆ ಕಿವಿಕೊಟ್ಟ.
ಕಸಾರಾ ಲೋಕಲ್ಲು ಹಳಿ ಕುಟ್ಟುತ್ತ ಹೋಗುತ್ತಿತ್ತು.
'ಇವತ್ತು ಮಂಗಳವಾರ ಅಲ್ಲವೇನೇ?' ಅಂದ.